ಪೆನ್ಸಿಲಿನಲ್ಲಿ ಉಳಿದ ಪೈಪು

ಗುರುಪ್ರಸಾದ ಸರ್ ಅವರ ಫೋನ್ ಬಂದಾಗ ನಾನು ಕಮಲಾಪುರದ ನಮ್ಮ ಮನೆಯಲ್ಲಿ ಎರಡನೇ ರೊಟ್ಟಿ ಮುರಿಯುತ್ತಿದ್ದೆ. ಮುಂಜಾನೆ ಏಳೂವರೆ ಆಗಿತ್ತು.

“ಗೌತಮ, ಈಗಿಂದೀಗ ಕಲಬುರಗಿಗಿ ಬಾ. ಅವ್ವನ ಲಿಂಗ ಬಚ್ಚಲದಾಗ ಬಿದ್ದದ.”

“ಯಾವಾಗ ಬಿತ್ರಿ ಸರ್?”

“ನಿನ್ನಿ ಮುಂಜಾನಿ. ನಮಗ ಗೊತ್ತಾಗಿದ್ದು ಇವತ್ತ. ನಿನ್ನಿಯಿಂದ ಒಂದು ಗುಟುಕ ನೀರು ಕುಡದಿಲ್ಲ. ಲಿಂಗ ಕೈಗಿ ಬರೋತನಕ ಕುಡಿಯಂಗಿಲ್ಲ ಅಂತ ಕುಂತಾಳ.”

ಅವರ ತಾಯಿ ನೀಲಗಂಗಮ್ಮನವರಿಗೆ ಎಪ್ಪತ್ತಮೂರು ವರ್ಷ. ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಹೊತ್ತು ಗುಳಿಗೆ. ಹುಟ್ಟಿದಾಗ ಅವರ ಕೊರಳಿಗೆ ಕಟ್ಟಿದ ಇಷ್ಟಲಿಂಗ ಅದು. ಅದರ ಪೂಜೆಯಾಗದೆ ಅವರು ಬಾಯಿಗೆ ಏನೂ ಹಾಕಿಕೊಳ್ಳುವುದಿಲ್ಲ ಎಂಬುದು, ಆ ಮನೆ ಕಟ್ಟುವಾಗ ಎರಡು ತಿಂಗಳು ಅಲ್ಲೇ ಕೆಲಸ ಮಾಡಿದ ನನಗೆ ಗೊತ್ತಿತ್ತು.

“ಸರ್, ನಾ ಬರೋತನಕ ಆ ಬಚ್ಚಲಕ್ಕ ಒಂದು ಹನಿ ನೀರು ಬಿಡಬ್ಯಾಡ್ರಿ.”

“ಎರಡು ಬಕೀಟು ಹಾಕಿಬಿಟ್ಟೀನಲ್ಲೋ.”

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟು ಎದ್ದೆ.

ಆರು ವರ್ಷದ ಹಿಂದೆ ಆ ಮನೆಗೆ ಪೈಪು ಹಾಕಿದವನು ನಾನೇ. ನಾನು ಕೆಲಸ ಮಾಡಿದ ಪ್ರತಿ ಮನೆಯ ಪೈಪುಗಳೂ ನನ್ನ ನೋಟ್‌ಬುಕ್ಕುಗಳಲ್ಲಿವೆ. ಕಲಬುರಗಿಯಲ್ಲಿ ಹಗಲು ಕೆಲಸ ಮಾಡಿ ಸಂಜೆ ಕ್ಲಾಸಿಗೆ ಹೋಗುತ್ತಿದ್ದಾಗ ವಿವೇಕಾನಂದ ಮಾಸ್ತರರು ಹಚ್ಚಿಸಿದ ರೂಢಿ ಅದು. ಮಾಡಬೇಕಾದ ಕೆಲಸವನ್ನು ಮೊದಲು ಪೆನ್ಸಿಲಿನಲ್ಲಿ ಬರೆಯಬೇಕು. ಕೆಲಸ ಮುಗಿದು, ನೆಲ ಮುಚ್ಚುವ ಮೊದಲು ಕಣ್ಣಾರೆ ನೋಡಿ, ಅದೇ ಗೆರೆಯ ಮೇಲೆ ಪೆನ್ನು ಹಾಯಿಸಬೇಕು. ನೋಡದೆ ಪೆನ್ನು ಹಾಯಿಸುವುದು ಸುಳ್ಳು ಸಾಕ್ಷಿ ಹೇಳಿದಂತೆ ಎನ್ನುತ್ತಿದ್ದರು ಮಾಸ್ತರರು.

ಬುದ್ಧನ ಪಟದ ಕೆಳಗಿನ ಕಪಾಟಿನಿಂದ ಆ ವರ್ಷದ ನೋಟ್‌ಬುಕ್ಕು ತೆಗೆದು ಹಾಳೆ ಮಗುಚಿದೆ. ನನ್ನ ಹೆಂಡತಿ ಪಂಚಶೀಲಾ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಎಲ್ಲಾ ನೀಲಿ ಅದ. ಇದೊಂದು ಯಾಕ ಮಾಸಿದಂಗ ಅದ?”

ಅಡುಗೆ ಮನೆ, ಮೇಲಿನ ಬಾತ್‌ರೂಮು, ನೀರಿನ ಟಾಕಿ, ಎಲ್ಲ ಗೆರೆಗಳ ಮೇಲೂ ಪೆನ್ನು ಹಾದಿತ್ತು. ಕೆಳಗಿನ ಬಚ್ಚಲಿನಿಂದ ಗೇಟಿನ ಹತ್ತಿರದ ಚೇಂಬರಿಗೆ, ಅಂದರೆ ಮನೆಯ ಕೊಳೆ ನೀರು ಸೇರುವ ಗುಂಡಿಗೆ, ಹೋಗುವ ಗೆರೆ ಮಾತ್ರ ಪೆನ್ಸಿಲಿನಲ್ಲೇ ಇತ್ತು. ತುದಿಯಲ್ಲಿ ಟ್ರ್ಯಾಪಿನ ಚಿತ್ರವೂ ಪೆನ್ಸಿಲಿನಲ್ಲೇ. ಟ್ರ್ಯಾಪ್ ಅಂದರೆ ಬಚ್ಚಲಿನ ತೂತಿಗೆ ಮುಚ್ಚಿದ ಜಾಲಿಯ ಕೆಳಗೇ ಕೂರುವ ಬಟ್ಟಲಿನಂಥ ಬಾಗು. ಅದರಲ್ಲಿ ಯಾವಾಗಲೂ ಬೊಗಸೆಯಷ್ಟು ನೀರು ನಿಂತಿರುತ್ತದೆ. ಅದರಿಂದ ಗಟಾರದ ವಾಸನೆ ಮೇಲೆ ಬರುವುದಿಲ್ಲ, ಮೇಲಿಂದ ಬಿದ್ದ ವಸ್ತು ಮುಂದೆ ಹೋಗುವುದಿಲ್ಲ.

ತಾರೀಖು ನೋಡಿದ ಕೂಡಲೇ ನೆನಪಾಯಿತು. ಅವತ್ತು ನನ್ನ ಪರೀಕ್ಷೆ ಇತ್ತು. ಟ್ರ್ಯಾಪು, ಪೈಪು ಎಲ್ಲ ತಂದಿಟ್ಟು, ಗಾರೆ ಕೆಲಸದ ಗೌಂಡಿ ಯಂಕಪ್ಪನಿಗೆ ಹೇಳಿ ಮಧ್ಯಾಹ್ನ ಹೊರಟುಹೋಗಿದ್ದೆ. ಮರುದಿನ ಬರುವಷ್ಟರಲ್ಲಿ ಅವನು ಮಣ್ಣು ಮುಚ್ಚಿ ಮೇಲೆ ಪರಸಿ ಕಲ್ಲು ಹಾಸಿಬಿಟ್ಟಿದ್ದ. ಪರೀಕ್ಷೆಯಲ್ಲಿ ಟ್ರ್ಯಾಪಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಲು ಕೇಳಿದ್ದರು. ಎಂಟು ಅಂಕ. ಎಂಟಕ್ಕೆ ಎಂಟೂ ಬಂದಿತ್ತು.

“ಆ ಗೆರಿ ನಾ ನೋಡಿಲ್ಲ,” ಅಂದೆ.

“ಈಗ ನೋಡ್ರಿ ಹೋಗ್ರಿ,” ಅಂದಳು ಪಂಚಶೀಲಾ. ಚೀಲದಲ್ಲಿ ಉಪಕರಣಗಳ ಮೇಲೆ ನಾಲ್ಕು ಕೆಂಪು ಬಾಳೆಹಣ್ಣು ಇಟ್ಟಳು. “ನಿನ್ನಿಯಿಂದ ಉಪಾಸ ಇದ್ದಾರಂತ. ಲಿಂಗ ಸಿಕ್ಕ ಮ್ಯಾಲ ಕೊಡ್ರಿ.”

ಸಿಕ್ಕರೆ ಅನ್ನಲಿಲ್ಲ, ಸಿಕ್ಕ ಮೇಲೆ ಅಂದಳು. ಬೈಕ್ ಹತ್ತಿದ ಮೇಲೂ ಆ ಮಾತು ಕಿವಿಯಲ್ಲಿತ್ತು.

ಮಹಾಗಾಂವ ಕ್ರಾಸಿನಲ್ಲಿ ತೊಗರಿ ಚೀಲ ತುಂಬಿದ ಟೆಂಪೊ ಒಂದು ರಸ್ತೆಗೆ ಅಡ್ಡ ತಿರುಗುತ್ತಿತ್ತು. ಅದು ಸರಿಯುವವರೆಗೆ ಗಾಡಿ ನಿಲ್ಲಿಸಿ ಯಂಕಪ್ಪನಿಗೆ ಫೋನ್ ಮಾಡಿದೆ.

“ಯಂಕಪ್ಪಾ, ರೋಜಾ ಓಣಿ ಆಚಿ ಗುರುಪ್ರಸಾದ ಸರ್ ಮನಿ ಕಟ್ಟಿದ್ದೆವಲ್ಲ, ಅಲ್ಲಿ ಕೆಳಗಿನ ಬಚ್ಚಲದಾಗ ಟ್ರ್ಯಾಪ್ ಹಾಕಿದ್ಯೋ ಇಲ್ಲೋ?”

“ಯಾವ ಮನಿ? ಆ ಮುದುಕಿ ದಿನಾ ಹೋಳಿಗಿ ಕೊಡತಿದ್ಲಲ್ಲ, ಅದೇನು?”

“ದಿನಾ ಅಲ್ಲ, ಒಂದ ದಿನ. ಟ್ರ್ಯಾಪ್ ಹಾಕಿದ್ಯೋ?”

“ಹಾಕಿರಬೇಕಪ್ಪ.”

“ಹಾಕಿರಬೇಕು ಅಂದ್ರ?”

“ಹಾಕಿಲ್ಲಂದ್ರ ಮನಿ ಬಿದ್ದದೇನು? ಆರು ವರ್ಷ ಗಟ್ಟಿ ನಿಂತದಲ್ಲ.”

“ಆಣಿ ಮಾಡಿ ಹೇಳು.”

“ಮುಂಜಾಮುಂಜಾನಿ ಯಾಕ ಆಣಿ ಮಾಡಸ್ತಿ? ನೀ ಅವತ್ತ ಪರೀಕ್ಷಾಕ ಹೋಗಿದ್ದಿ. ಟ್ರ್ಯಾಪು ಪೆಟ್ಟಿಗ್ಯಾಗ ಇತ್ತು. ಅದು ನನಗ ನೆನಪದ. ಪೆಟ್ಟಗಿ ಎಲ್ಲಿ ಹೋಯ್ತೋ, ಅದು ನೆನಪಿಲ್ಲ.”

“ಮಧ್ಯಾಹ್ನ ಸಿಮೆಂಟ್ ಕಲಸ್ಲಾಕ ತಯಾರಿ ಮಾಡ್ಕೊಂಡು ಬಾ,” ಎಂದು ಫೋನ್ ಇಟ್ಟೆ. ಟೆಂಪೊ ಸರಿದಿತ್ತು.

ಹುಮನಾಬಾದ ರಿಂಗ್ ರೋಡ್ ದಾಟಿ ಮನೆ ಮುಟ್ಟಿದಾಗ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು. ನೀಲಗಂಗಮ್ಮನವರು ಬಚ್ಚಲಿನ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ನೀರು ಹೋಗುವ ತೂತಿನ ಮೇಲೆ ಬಕೀಟು ಬೋರಲು ಹಾಕಿತ್ತು. ಅವರ ತುಟಿ ಒಣಗಿ ಬಿಳಿಚಿತ್ತು, ದನಿ ಮಾತ್ರ ಮೊದಲಿನದೇ.

“ಬಂದ್ಯೇನಪ್ಪಾ ಗೌತಮ? ಮೊದಲ ಇವನ್ನ ಹೊರಗ ಕಳಸು. ಕಾಲೇಜಿನ್ಯಾಗ ಫಿಜಿಕ್ಸ್ ಕಲಸ್ತಾನ, ಮನ್ಯಾಗ ಲಿಂಗದ ಮ್ಯಾಲ ಎರಡು ಬಕೀಟು ನೀರು ಸುರೀತಾನ.”

“ಯವ್ವಾ, ಚೇಂಬರ್ ಕಡಿಗಿ ಜರಡಿ ಹಿಡದಿದ್ದೆ. ಹೊರಗ ಬಂದ್ರ ಸಿಗಲಿ ಅಂತ,” ಅಂದರು ಗುರುಪ್ರಸಾದ ಸರ್.

ಅವರ ಹೆಂಡತಿ ಸೌಂದರ್ಯಾ ಅಕ್ಕ ಅಡುಗೆ ಮನೆಯಿಂದಲೇ ಹೇಳಿದರು: “ಎರಡನೇ ಬಕೀಟಿಗಿ ಹಿಡದ್ರಿ. ಮೊದಲನೇದು ಹಾಕಿದಾಗ ಜರಡಿ ಎಲ್ಲದ ಅಂತ ಹುಡುಕ್ಲಾಕತ್ತಿದ್ರಿ.”

ಏನಾಯಿತೆಂದು ನೀಲಗಂಗಮ್ಮನವರೇ ಹೇಳಿದರು. ಲಿಂಗ ಇಡುವ ಬೆಳ್ಳಿಯ ಕರಡಿಗೆಯ ಕೊಂಡಿ ಸಡಿಲಾಗಿತ್ತೆಂದು ಎಂಟು ದಿನದಿಂದ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದರು. ನಿನ್ನೆ ಸ್ನಾನ ಮುಗಿಸಿ ಒದ್ದೆ ಬಟ್ಟೆ ಬಿಚ್ಚಿ ಒಣ ಬಟ್ಟೆ ಸುತ್ತಬೇಕೆನ್ನುವಾಗ ಕೈಗೆ ಸಾಬೂನು ಇತ್ತು. ಲಿಂಗ ಜಾರಿ ನೆಲಕ್ಕೆ ಬಿದ್ದು ಉರುಳಿ ತೂತಿಗೆ ಹೋಯಿತು. ಯಾರಿಗೂ ಹೇಳಲಿಲ್ಲ. ಎಪ್ಪತ್ತಮೂರು ವರ್ಷ ಜೋಪಾನ ಮಾಡಿದ್ದನ್ನು ಸಾಬೂನಿಗೆ ಕಳೆದುಕೊಂಡೆ ಎಂದು ಹೇಳಲು ನಾಚಿಕೆಯಾಯಿತಂತೆ. ಬಚ್ಚಲು ಕಟ್ಟಿದೆ, ಎಲ್ಲರೂ ಮೇಲೆ ಸ್ನಾನ ಮಾಡಿ ಎಂದು ಹೇಳಿ, ಇಡೀ ದಿನ ತೂತಿಗೆ ಕಾವಲು ಕೂತಿದ್ದರು. ಸೋಮವಾರದ ಉಪವಾಸ ಎಂದು ಮನೆಯವರು ತಿಳಿದಿದ್ದರು. ಇವತ್ತು ಮಂಗಳವಾರವೂ ಚಹಾ ಬೇಡವೆಂದಾಗ ವಿಷಯ ಹೊರಬಿತ್ತು.

“ಮ್ಯಾಲ ಜಾಲಿ ಇರಲಿಲ್ಲೇನ್ರಿ?” ಎಂದು ಕೇಳಿದೆ.

“ನಾನ ತಗದಿಟ್ಟೀನಣ್ಣಾ, ಮೂರು ವರ್ಷ ಆಯ್ತು,” ಅಂದರು ಸೌಂದರ್ಯಾ ಅಕ್ಕ. “ನೀರು ಹೋಗೋದ ಇಲ್ಲ ಈ ಬಚ್ಚಲದಾಗ. ಜಾಲಿ ತೆಗದ್ರ ಜರಾ ಲಗೂ ಹೋಗ್ತದ ಅಂತ.”

ನೀರು ನಿಧಾನ ಹೋಗುತ್ತದೆಂದು ನನ್ನನ್ನೇ ಎರಡು ಸಲ ಕರೆಸಿದ್ದರು. ಎರಡು ಸಲವೂ ತಂತಿ ಹಾಕಿ ಕೂದಲು ತೆಗೆದು ಹೋಗಿದ್ದೆ. ಮೂರನೇ ಸಲ ಕರೆಯಲಿಲ್ಲ, ಜಾಲಿ ತೆಗೆದಿಟ್ಟರು.

“ನಾನೂ ಕೈ ಹಾಕಿ ನೋಡೀನಿ,” ಅಂದರು ನೀಲಗಂಗಮ್ಮನವರು. “ತಳಾನ ಹತ್ತಲಿಲ್ಲ.”

ಆ ಮಾತಿಗೇ ನನಗೆ ತಿಳಿಯಿತು. ಆದರೂ ಬಕೀಟು ಸರಿಸಿ, ಸಣ್ಣ ಕನ್ನಡಿಯನ್ನು ತೂತಿನೊಳಗೆ ಇಳಿಬಿಟ್ಟು, ಟಾರ್ಚು ಹಿಡಿದೆ. ಪೈಪು ನೇರ ಒಂದು ಮೊಳ ಇಳಿದು ಹೊರಗಿನ ಸಂದಿಯ ಕಡೆಗೆ ತಿರುಗಿತ್ತು. ಬಟ್ಟಲಿಲ್ಲ, ಬಾಗಿಲ್ಲ, ನಿಂತ ನೀರಿಲ್ಲ.

ಎದ್ದು ನಿಂತು ಕೈ ಒರೆಸಿಕೊಂಡೆ.

“ಸರ್, ಇಲ್ಲಿ ಟ್ರ್ಯಾಪ್ ಇಲ್ಲ. ಇರಬೇಕಿತ್ತು. ಇದ್ದಿದ್ರ ಲಿಂಗ ಇಲ್ಲೇ ಕೈಗಿ ಸಿಗತಿತ್ತು. ಹಾಕೋ ದಿನ ನಾ ಇರಲಿಲ್ಲ. ಮರುದಿನ ನೆಲಾ ಮುಚ್ಚಿತ್ತು. ತಗದು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಂದು.”

ಗುರುಪ್ರಸಾದ ಸರ್ ಅವರ ಮುಖ ಕೆಂಪಾಯಿತು. “ಆರು ವರ್ಷದಿಂದ ವಾಸನಿ, ಆರು ವರ್ಷದಿಂದ ನೀರು ನಿಲ್ಲೋದು. ಎಲ್ಲಾ ನಿನ್ನ ಪುಣ್ಯ ಅನ್ನು!”

“ಗುರೂ, ಸಿಟ್ಟು ಆಮ್ಯಾಲ ಮಾಡು. ಅದೇನು ಓಡಿ ಹೋಗಂಗಿಲ್ಲ,” ಅಂದರು ತಾಯಿ.

“ಡಾಕ್ಟರ್ ಹನ್ನೆರಡರ ಒಳಗ ಸಲೈನ್ ಹಚ್ಚಬೇಕು ಅಂದಾರ ಯವ್ವಾ. ಗುಳಿಗಿನೂ ತಗೊಂಡಿಲ್ಲ ನೀನು.”

“ನೀರು ಬಾಯಿಂದ ಹೋದ್ರೇನು, ಸೂಜಿಯಿಂದ ಹೋದ್ರೇನು? ಎರಡೂ ನೀರ.”

“ಅಯ್ಯನೋರು ಹೊಸಾ ಲಿಂಗ ಕಟ್ಟತೀನಿ ಅಂದಾರ.”

“ಹೊಸಾದು ಹುಟ್ಟಿದ ಕೂಸಿಗಿ ಕಟ್ಲಿ. ಇದರ ಕೂಡ ಎಪ್ಪತ್ತಮೂರು ವರ್ಷ ಮಾತಾಡೀನಿ. ಹೊಸಾದಕ್ಕ ಎಲ್ಲಾ ಮೊದಲಿಂದ ಹೇಳ್ಕೋಂತ ಕುಂಡ್ರಲೇನು?”

ಗುರುಪ್ರಸಾದ ಸರ್ ನನ್ನ ಕಡೆ ತಿರುಗಿದರು. “ಪ್ರೆಶರ್ ಮಷಿನ್‌ನಾಂವಗ ಹೇಳೀನಿ. ಹತ್ತೂವರಿಗಿ ಬರ್ತಾನ. ಒಂದು ಕಡಿಯಿಂದ ನೀರು ಹೊಡದ್ರ ಆ ಕಡಿಯಿಂದ ಎಲ್ಲಾ ಹೊರಗ ಬೀಳ್ತದ.”

“ಅದರ ಜೋರಿಗಿ ಲಿಂಗ ಚೇಂಬರ್ ದಾಟಿ ರಸ್ತೆದ ಗಟಾರಕ್ಕ ಹೋಗ್ತದ್ರಿ. ಅಲ್ಲಿಂದ ಯಾರೂ ತರೋದಿಲ್ಲ. ಅವಂಗ ಬ್ಯಾಡ ಅಂತ ಫೋನ್ ಮಾಡ್ರಿ.”

“ಮೊದಲನೇ ಬಕೀಟಿಗೇ ಹೋಗಿದ್ರ?”

ಅದೇ ಪ್ರಶ್ನೆ ಕಮಲಾಪುರದಿಂದ ನನ್ನ ಬೆನ್ನು ಹತ್ತಿತ್ತು. ಸೌಂದರ್ಯಾ ಅಕ್ಕನನ್ನು ಕೇಳಿದೆ: “ಅಕ್ಕಾರ, ಮೊದಲನೇ ಬಕೀಟು ಸುರದಾಗ ನೀವು ಚೇಂಬರ್ ಹತ್ರ ಇದ್ರೇನು? ನೀರು ಹ್ಯಾಂಗ ಬಂತು?”

“ದಾರದಂಗ ಬಂತು. ಇವರು ಬಕೀಟು ಒಮ್ಮೆಲೇ ಸುರದಾರ, ಅಲ್ಲಿ ಹತ್ತು ನಿಮಿಷ ಸೋರಿಕೋಂತ ಬಂತು. ಎರಡನೇದೂ ಹಂಗ.”

ನನಗೆ ಮೈ ಹಗುರಾಯಿತು. ದಾರದಂತೆ ಸೋರುವ ನೀರು ಕೂದಲು ಒಯ್ಯುತ್ತದೆ, ಸಾಬೂನಿನ ನೊರೆ ಒಯ್ಯುತ್ತದೆ. ಕಲ್ಲು ಒಯ್ಯುವುದಿಲ್ಲ. ಆರು ವರ್ಷದಿಂದ ಈ ಮನೆಯವರು ಬೈದುಕೊಂಡ ದೋಷವೇ ಈಗ ಲಿಂಗವನ್ನು ಹಿಡಿದಿಟ್ಟಿರಬೇಕು. ನೀರು ಹೀಗೆ ತಡೆದು ಬರಬೇಕಾದರೆ ಪೈಪು ನಡುವೆ ಎಲ್ಲೋ ಜೋತು ಬಿದ್ದಿರಬೇಕು, ಜೋಳಿಗೆಯಂತೆ. ಜೋತು ಬಿದ್ದಲ್ಲಿ ನೀರು ನಿಲ್ಲುತ್ತದೆ, ಭಾರವಾದದ್ದು ತಳಕ್ಕೆ ಕೂರುತ್ತದೆ. ಎಲ್ಲಿ ಎನ್ನುವುದಷ್ಟೇ ಗೊತ್ತಾಗಬೇಕಿತ್ತು.

ಬಚ್ಚಲಿನ ಗೋಡೆಯಿಂದ ಗೇಟಿನವರೆಗೆ ಮನೆಯ ಪಕ್ಕದ ಸಂದಿಯಲ್ಲಿ ಪೈಪು ಹೋಗುತ್ತದೆ. ಮೇಲೆ ಏಳು ಶಹಾಬಾದ ಪರಸಿ. ಮೊದಲು ಚೇಂಬರಿನ ತಳವನ್ನು ಕೈಯಿಂದ ತಡಕಿದೆ, ಮರಳು ಬಿಟ್ಟು ಏನೂ ಇರಲಿಲ್ಲ. ಆಮೇಲೆ ಸಂದಿಯಲ್ಲಿ ಎರಡು ಸಲ ಓಡಾಡಿದೆ. ಪರಸಿಗಳೆಲ್ಲ ಒಂದೇ ಸಮ ಕಂಡವು. ಇನ್ನೊಂದು ಸಲ ಓಡಾಡಿದೆ. ಗುರುಪ್ರಸಾದ ಸರ್ ಗಡಿಯಾರ ನೋಡಿಕೊಂಡರು.

ನೀಲಗಂಗಮ್ಮನವರು ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದರು. “ಗುಬ್ಬಿ ನೀರು ತುಳದಿ ನೋಡು,” ಅಂದರು.

“ಯಾವ ಗುಬ್ಬಿ ನೀರ್ರಿ?”

“ಸಂದಿ ತೊಳದ ಮ್ಯಾಲ ಅಲ್ಲಿ ನೀರು ನಿಲ್ತದ. ಗುಬ್ಬಿ ಬಂದು ಕುಡಿತಾವ, ಮೈ ತೊಳಕೋತಾವ. ಸೌಂದರ್ಯಾ ಕಸಬರಿಗಿ ತಗೊಂಡು ಹೋದ್ರ ನಾನ ಬ್ಯಾಡ ಅಂತೀನಿ.”

ನಾನು ಬಗ್ಗಿ ಕಾಲ ಕೆಳಗೆ ನೋಡಿದೆ. ಗೋಡೆಯಿಂದ ಮೂರನೇ ಪರಸಿ. ನಡುವೆ ನೀರು ಒಣಗಿ ತಟ್ಟೆಯಗಲದ ಬಿಳಿ ಕಲೆ ಉಳಿದಿತ್ತು. ಲೆವೆಲ್ ಪಟ್ಟಿ ಇಟ್ಟು ನೋಡಿದೆ, ಗಾಳಿಗುಳ್ಳೆ ಪಕ್ಕಕ್ಕೆ ಸರಿಯಿತು. ಕೆಳಗಿನ ಕರಿಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬಿ ಕುಸಿದಿತ್ತು. ಪರಸಿ ಕುಸಿದಲ್ಲಿ ಪೈಪೂ ಕುಸಿದಿರಬೇಕು. ಪೈಪಿನ ಕೆಳಗೆ ಕುಸಿಯದಂಥ ಗರಸು ಮಣ್ಣು, ಮೊರಂ, ತುಂಬು ಎಂದು ಯಂಕಪ್ಪನಿಗೆ ಹೇಳಿ ಹೋಗಿದ್ದೆ. ಅದನ್ನೂ ನಾನು ನೋಡಿರಲಿಲ್ಲ.

“ಸರ್, ಇದೊಂದು ಪರಸಿ ತೆಗಿತೀನಿ. ಎರಡನೇದು ಮುಟ್ಟಂಗಿಲ್ಲ. ಇಲ್ಲೇ ಅದ.”

ನನ್ನ ಬಾಯಿಂದ ಅಷ್ಟು ಗಟ್ಟಿಯಾಗಿ ಮಾತು ಬಂದದ್ದು ನನಗೇ ಆಶ್ಚರ್ಯ. ಗುರುಪ್ರಸಾದ ಸರ್ ನನ್ನನ್ನೇ ನೋಡಿದರು, ಆಮೇಲೆ ಜೇಬಿನಿಂದ ಫೋನ್ ತೆಗೆದು ಮಷಿನ್‌ನವನಿಗೆ ಬರಬೇಡ ಎಂದರು.

ಹಾರೆಯಿಂದ ಪರಸಿಯ ಸಂದು ಬಿಡಿಸಿ ಇಬ್ಬರೂ ಎತ್ತಿದೆವು. ಕೆಳಗೆ ಅಪ್ಪಟ ಕರಿಮಣ್ಣು. ಗುದ್ದಲಿ ಹಾಕಿದರೆ ಪೈಪು ಅಲುಗೀತೆಂದು ಕಳೆ ತೆಗೆಯುವ ಕುರ್ಪಿಯಿಂದ ಕೆದರಿ ಬೊಗಸೆ ಬೊಗಸೆ ತೆಗೆದೆ. ಸರ್ ಬುಟ್ಟಿ ತುಂಬಿ ಹೊರಗೆ ಹಾಕಿದರು. ಅರ್ಧ ಗಂಟೆಯಲ್ಲಿ ಪೈಪಿನ ಬೆನ್ನು ಕಂಡಿತು. ಲೆವೆಲ್ ಪಟ್ಟಿಯನ್ನು ಅದರ ಮೇಲಿಟ್ಟಾಗ ಪಟ್ಟಿಯ ನಡುವಿಗೂ ಪೈಪಿಗೂ ಎರಡು ಬೆರಳು ಅಂತರ. ನಾನು ಊಹಿಸಿದಂತೆಯೇ ಜೋತು ಬಿದ್ದಿತ್ತು.

“ಪೂರ್ತಿ ಕಡದು ತೆಗಿ,” ಅಂದರು ಸರ್.

“ಬ್ಯಾಡ್ರಿ. ಕಡದ್ರ ಒಳಗಿನ ನೀರು ಒಮ್ಮೆಲೇ ನುಗ್ತದ. ಮ್ಯಾಲಷ್ಟೇ ಕಿಟಕಿ ಕೊರೀತೀನಿ.”

“ಕೊರದು ನೀನ ಕೈ ಹಾಕಿ ತೆಗಿ.”

“ಯಾರೂ ಕೈ ಹಾಕಬ್ಯಾಡ್ರಿ,” ಅಂದರು ನೀಲಗಂಗಮ್ಮನವರು. ಅವರು ಸಂದಿಗೇ ಇಳಿದು ಬಂದಿದ್ದರು. “ಗೌತಮ, ತಪ್ಪು ತಿಳೀಬ್ಯಾಡ. ಇವರಪ್ಪ ನನ್ನ ಕೂಡ ನಲವತ್ತೆಂಟು ವರ್ಷ ಸಂಸಾರ ಮಾಡಿದ. ಅವನೂ ಮುಟ್ಟಿಲ್ಲ. ಇವನ್ನ ಹಡದೀನಿ, ಇವನೂ ಮುಟ್ಟಿಲ್ಲ.”

ಜಾತಿಯ ಮಾತು ಬಂದರೆ ನನಗೆ ಕೂಡಲೇ ತಿಳಿಯುತ್ತದೆ. ಚಿಕ್ಕಂದಿನಿಂದ ಕೇಳಿ ಕಿವಿ ಪಳಗಿದೆ. ಈ ಮಾತಿನಲ್ಲಿ ಅದು ಇರಲಿಲ್ಲ. ಅವರವರ ಲಿಂಗ ಅವರವರ ಕೈಗೆ ಮಾತ್ರ.

“ಹಂಗಾದ್ರ ಕೈ ನಿಮ್ಮದ, ದಾರಿ ನಂದು,” ಅಂದೆ. “ಇಲ್ಲಿ ಕುಂಡ್ರಿ ಅವ್ವಾರ. ಪೈಪಿನ ಮ್ಯಾಲ ಅಂಗೈ ಇಡ್ರಿ.”

ಸೌಂದರ್ಯಾ ಅಕ್ಕ ಗೋಣಿಚೀಲ ಮಡಿಸಿ ಹಾಕಿದರು. ನೀಲಗಂಗಮ್ಮನವರು ಅದರ ಮೇಲೆ ಕೂತು ಪೈಪಿನ ಮೇಲೆ ಕೈ ಇಟ್ಟರು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅವರ ಅಂಗೈಯ ಎರಡೂ ಬದಿಗೆ ಗೆರೆ ಎಳೆದೆ. ಚಿಕ್ಕ ಕೈ, ನನ್ನ ಕೈಯ ಮುಕ್ಕಾಲು ಭಾಗ. ಆ ಗೆರೆಯ ಮೇಲೆ ಗರಗಸದ ಬ್ಲೇಡು ಆಡಿಸಿ, ಪುಡಿ ಒಳಗೆ ಬೀಳದಂತೆ ಒದ್ದೆ ಬಟ್ಟೆ ಒತ್ತಿಕೊಂಡು, ನಿಧಾನವಾಗಿ ನಾಲ್ಕೂ ಕಡೆ ಕೊರೆದೆ. ಆ ತುಂಡು ಪೈಪಿನಲ್ಲಿ ಬಿದ್ದರೆ ಎಲ್ಲ ಕಲಕಿಹೋಗುತ್ತದೆಂದು ಕೊನೆಗೆ ಬೆರಳ ಉಗುರಿನಿಂದ ಎತ್ತಿದೆ. ಒಳಗೆ ಅರ್ಧದವರೆಗೆ ಕಪ್ಪು ನೀರು ನಿಂತಿತ್ತು. ವಾಸನೆಗೆ ಸರ್ ಮೂಗು ಮುಚ್ಚಿದರು. ತಾಯಿ ಮುಚ್ಚಲಿಲ್ಲ.

“ಹಾಕಲೇನು?”

“ನಿಧಾನ. ನೇರ ಇಳಸ್ರಿ. ತಳ ಹತ್ತಿತೇನು?”

“ಹತ್ತಿತು. ಬಟ್ಟಲದಂಗ ಅದ.”

“ಬ್ಯಾರೆ ಏನರ ಅದ ಏನು?”

“ಕೂದಲಾ. ಕೂದಲಾ. ಇದೆಲ್ಲಾ ಸೌಂದರ್ಯಾನ ಕೂದಲಾ.”

“ಅತ್ತೀ, ನಿಮ್ಮದೂ ಅದಾವ,” ಅಂದರು ಸೌಂದರ್ಯಾ ಅಕ್ಕ, ಹೆಗಲು ಹಿಡಿದುಕೊಂಡೇ.

“ಏನೋ ಹತ್ತಿತು!” ನೀಲಗಂಗಮ್ಮನವರು ಬೆರಳು ಮಡಿಚಿದರು. ಕೈ ಮೇಲೆ ತಂದರು. ಶಾಂಪೂ ಬಾಟಲಿಯ ಮುಚ್ಚಳ. ಗುರುಪ್ರಸಾದ ಸರ್ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತರು.

ಒಂದೇ ಪರಸಿ ಎಂದು ಹೇಳಿಬಿಟ್ಟಿದ್ದೆ. ಕಣ್ಣು ಮುಚ್ಚಿ ಪೈಪನ್ನು ನೆನೆಸಿಕೊಂಡೆ. ಪ್ಲಾಸ್ಟಿಕ್ ಮುಚ್ಚಳ ಹಗುರ, ಅದು ಇಲ್ಲಿಯವರೆಗೆ ಬಂದಿದೆ. ಕಲ್ಲು ಅದರ ಹಿಂದೆ ಉಳಿದಿರಬೇಕು, ಇಳಿಜಾರು ಮುಗಿಯುವಲ್ಲಿ.

“ಮನಿ ಕಡಿಗಿ ಕೈ ಚಾಚ್ರಿ ಅವ್ವಾರ. ನಾಕು ಬಟ್ಟು. ಬೆರಳು ತಳ ಬಿಡಬಾರದು.”

ಅವರ ಕೈ ಮಣಿಕಟ್ಟು ದಾಟಿ ಒಳಗೆ ಹೋಯಿತು. ಮುಖ ಪೈಪಿಗೆ ತಾಗುವಷ್ಟು ಬಗ್ಗಿತು. ಮೂರು ಬೆರಳಗಲ, ನಾಲ್ಕು. ಆಮೇಲೆ ತೋಳು ನಿಂತಿತು. ತುಟಿಗಳು ಮಾತ್ರ ಅಲುಗಿದವು.

“ಯವ್ವಾ?” ಅಂದರು ಸರ್.

“ಅದ,” ಅಂದರು. “ಅದ. ಖರೆ, ಬೆರಳಿಗಿ ಜಾರ್ಲಾಕತ್ತದ. ಹಿಡದ್ರ ಆಚಿ ಹೋಗ್ತದ.”

“ಹಿಡೀಬ್ಯಾಡ್ರಿ! ಬೆರಳು ಹಿಂದಕ್ಕ ತಗೋರಿ.”

ಅವರು ತೆಗೆದರು. ಬೆರಳಿನ ಸಾಬೂನಿನ ರಾಡಿ ನೋಡಿದೆ. ಇದೇ ಕೈಯಿಂದ, ಇದೇ ಜಾರಿಕೆಯಿಂದ ನಿನ್ನೆ ಅದು ಬಿದ್ದದ್ದು. ಮನೆ ಕಟ್ಟುವಾಗ ಆ ಎರಡು ತಿಂಗಳು ದಿನಾ ಮುಂಜಾನೆ ಅವರು ಇದೇ ಹಿತ್ತಲಲ್ಲಿ ಬಿಸಿಲಿಗೆ ಕೂತು ಪೂಜೆ ಮಾಡುತ್ತಿದ್ದದ್ದು ನೆನಪಾಯಿತು. ಎಡಗೈ ಚಾಚಿ, ಅಂಗೈ ತುಸು ಗುಳಿ ಮಾಡಿ, ಅದರಲ್ಲಿ ಲಿಂಗ ಇಟ್ಟುಕೊಂಡು ಅರ್ಧ ತಾಸು ನೋಡುತ್ತಿದ್ದರು. ಆ ಕೈ ಒಂದು ದಿನವೂ ಅಲುಗಿದ್ದು ನಾನು ಕಂಡಿರಲಿಲ್ಲ.

“ಅವ್ವಾರ, ಬಲಗೈ ಬ್ಯಾಡ್ರಿ. ಈ ಕಡಿ ಬಂದು ಎಡಗೈ ಹಾಕ್ರಿ. ಹಿಡಿಯೋದು ಬ್ಯಾಡ. ಪೂಜ್ಯಾಗ ಹಿಡಿತೀರಲ್ಲ, ಹಂಗ ಅಂಗೈ ಅದರ ಕೆಳಗ ಸರಸ್ರಿ. ಅದು ತಾನ ಬಂದು ಕುಂಡ್ರತದ.”

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಸೊಸೆಯ ಹೆಗಲು ಹಿಡಿದು ಪೈಪಿನ ಇನ್ನೊಂದು ಬದಿಗೆ ಸರಿದು ಕೂತು, ಎಡಗೈ ಇಳಿಸಿದರು. ತೋಳು ಒಳಗೆ ಹೋದಷ್ಟೇ ನಿಧಾನವಾಗಿ ಹೊರಗೆ ಬಂತು. ಗುಳಿ ಮಾಡಿದ ಅಂಗೈಯಲ್ಲಿ ಕಪ್ಪು ನೀರು, ನೀರಿನಲ್ಲಿ ಒಂದು ಎಳೆ ಕೂದಲು, ಅದರ ನಡುವೆ ಲಿಂಗ.

ಸೌಂದರ್ಯಾ ಅಕ್ಕ ತಂಬಿಗೆಯಿಂದ ನೀರು ಹೊಯ್ದರು. ಕೊಳೆ ಹರಿದುಹೋಗಿ ಲಿಂಗದ ಕಪ್ಪು ಮೈ ಬಿಸಿಲಿಗೆ ಮಿಂಚಿತು. ನೀಲಗಂಗಮ್ಮನವರು ಅದನ್ನು ಕಣ್ಣಿನ ಹತ್ತಿರ ತಂದು ಸುತ್ತಲೂ ತಿರುಗಿಸಿ ನೋಡಿದರು.

“ಒಂದು ಗೆರಿ ಬಿದ್ದಿಲ್ಲ,” ಅಂದರು. ಆಗಲೇ ಅವರ ಕಣ್ಣಿನಲ್ಲಿ ನೀರು ಬಂದದ್ದು.

ಗುರುಪ್ರಸಾದ ಸರ್ ಅಯ್ಯನವರಿಗೆ ಫೋನ್ ಹಚ್ಚಿ, ಮುಂದೆ ಏನು ಮಾಡಬೇಕೆಂದು ಕೇಳಿದರು. ಒಡೆದಿಲ್ಲದಿದ್ದರೆ ತೊಳೆದು ವಿಭೂತಿ ಹಚ್ಚಿ ಪೂಜೆ ಮಾಡಿಕೊಂಡರೆ ಸಾಕು ಎಂದರಂತೆ. ಅವರು ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ತಾಯಿ ಕೈಕಾಲು ತೊಳೆದು, ಬಿಸಿಲಿಗೆ ಮಣೆ ಹಾಕಿಸಿಕೊಂಡು ಪೂಜೆಗೆ ಕೂತಾಗಿತ್ತು. ಹನ್ನೊಂದೂ ಕಾಲಿಗೆ ತೀರ್ಥ ತೆಗೆದುಕೊಂಡರು. ಆಮೇಲೆ ಒಂದು ತಂಬಿಗೆ ನೀರನ್ನು ನಿಲ್ಲಿಸಿ ನಿಲ್ಲಿಸಿ ಪೂರ್ತಿ ಕುಡಿದು, ಗುಳಿಗೆ ನುಂಗಿದರು. ಸರ್ ಹಿತ್ತಲ ಬಾಗಿಲಿಗೆ ಒರಗಿ ನಿಂತು ಪ್ರತಿ ಗುಟುಕನ್ನೂ ನೋಡುತ್ತಿದ್ದರು.

ಪಂಚಶೀಲಾ ಕೊಟ್ಟ ಬಾಳೆಹಣ್ಣು ಮುಂದಿಟ್ಟೆ.

“ಕಮಲಾಪುರದ್ದಲ್ಲ!” ಎಂದು ಒಂದನ್ನು ಸುಲಿದರು. “ಗೌತಮ, ಆ ಟ್ರ್ಯಾಪ್ ಇದ್ದಿದ್ರ ನಿನ್ನಿನ ಸಿಗತಿತ್ತು ಅಂದಿ ಹೌದಲ್ಲೋ?”

“ಹೌದ್ರಿ.”

“ಹಂಗಾದ್ರ ಈ ಉಪಾಸ ನಿಂದು. ನಿನ್ನ ಸಲುವಾಗಿ ನಾ ಮಾಡೀನಿ.”

“ಹೌದ್ರಿ. ನಂದ.”

“ತಗೋ,” ಎಂದು ಅರ್ಧ ಹಣ್ಣು ಮುರಿದು ನನ್ನ ಕೈಗೆ ಇಟ್ಟರು. “ನಿನ್ನ ಮಾರಿ ನೋಡಿದ್ರ ನೀನೂ ಮುಂಜಾನಿ ಉಂಡಂಗಿಲ್ಲ. ಈಗ ಈ ಪೈಪು ಏನು ಮಾಡ್ತಿ?”

“ಇವತ್ತ ಸಂಜಿ ಒಳಗ ಹೊಸಾದು ಹಾಕ್ತೀನಿ. ಕೆಳಗ ಮೊರಂ, ಒಳಗ ಟ್ರ್ಯಾಪು. ಜಾಲಿಗಿ ಸ್ಕ್ರೂ ಹೊಡೀತೀನಿ. ಪರಸಿ ಸಮಾ ಮಾಡ್ತೀನಿ.”

“ಪರಸಿ ಸಮಾ ಮಾಡಿದ್ರ ಗುಬ್ಬಿಗಿ ನೀರು?”

ನಾನು ಎತ್ತಿಟ್ಟ ಪರಸಿಯ ಬಿಳಿ ಕಲೆ ನೋಡಿದೆ. “ಒಂದು ತಟ್ಟಿ ಇಡಣಂತ ಅತ್ತೀ,” ಅಂದರು ಸೌಂದರ್ಯಾ ಅಕ್ಕ.

ಗುರುಪ್ರಸಾದ ಸರ್ ಹತ್ತಿರ ಬಂದರು. ಇನ್ನೂ ಸಿಟ್ಟು ಉಳಿದಿದೆಯೇನೋ ಎಂದು ನಾನು ಎದ್ದು ನಿಂತೆ. “ಟ್ರ್ಯಾಪ್ ತರಲಾಕ ರೋಜಾ ಓಣಿ ಅಂಗಡಿಗಿ ಹೋಗ್ತಿಯಲ್ಲ, ನಾನೂ ಬರ್ತೀನಿ,” ಅಂದರು. “ಈ ಸಲ ಅದು ಪೆಟ್ಟಿಗ್ಯಾಗ ಉಳೀಬಾರದು.”

ಹೋಗುವ ಮೊದಲು ನೋಟ್‌ಬುಕ್ಕು ತೆಗೆದೆ. ಪೆನ್ಸಿಲಿನ ಟ್ರ್ಯಾಪಿನ ಮೇಲೆ ಅಡ್ಡ ಗೆರೆ ಹಾಕಿ, ಇಲ್ಲ ಎಂದು ಪೆನ್ನಿನಲ್ಲಿ ಬರೆದೆ. ಮೂರನೇ ಪರಸಿಯ ಕೆಳಗೆ ಪೈಪು ಜೋತು ಬಿದ್ದದ್ದನ್ನು ಎರಡು ಬೆರಳು ಎಂದು ಅಳತೆ ಹಾಕಿ ಪೆನ್ನಿನಲ್ಲೇ ಬರೆದೆ. ಅದು ಕಣ್ಣಾರೆ ನೋಡಿದ್ದು. ಅದರ ಕೆಳಗೆ ಹೊಸ ಪೈಪು, ಹೊಸ ಟ್ರ್ಯಾಪು, ಪೆನ್ಸಿಲಿನಲ್ಲಿ.

ನಾನು ಉಳಿದ ಪರಸಿಗಳನ್ನೂ ಎತ್ತಿ, ಬಚ್ಚಲಿನ ತೂತಿನ ಸುತ್ತ ನೆಲ ಅಗೆದು ಮುಗಿಸುವಷ್ಟರಲ್ಲಿ, ಎರಡು ಗಂಟೆಗೆ ಯಂಕಪ್ಪ ಬಂದ. ಗುಂಡಿ ನೋಡಿದ, ನನ್ನ ಮುಖ ನೋಡಿದ. “ಈಗ ನೆನಪಾಯ್ತು ನೋಡು,” ಅಂದ. “ಆ ಟ್ರ್ಯಾಪು ನಮ್ಮ ಅಳಿಯನ ಮನ್ಯಾಗ ಅದ. ಛಲೋ ನಡದದ.”

“ಮಾತಾಡಬ್ಯಾಡ. ಮೊರಂ ಹಾಕು.”

ಹಾಕಿದ. ಮೊರಂ ನೀರು ಕುಡಿದು ಗಟ್ಟಿಯಾಗುವವರೆಗೆ ಗುಂಡಿಯ ಪಕ್ಕ ಕೂತೆ. ಪೈಪು ಕೂರಿಸಿ ಲೆವೆಲ್ ಪಟ್ಟಿ ಮೂರು ಕಡೆ ಇಟ್ಟೆ. ಟ್ರ್ಯಾಪಿಗೆ ನೀರು ಹೊಯ್ದು, ಬೊಗಸೆಯಷ್ಟು ನಿಂತದ್ದನ್ನು ಕನ್ನಡಿಯಲ್ಲಿ ನೋಡಿದೆ, ಬೆರಳು ಅದ್ದಿ ನೋಡಿದೆ. ಆಮೇಲೆ ಜಾಲಿಗೆ ಸ್ಕ್ರೂ ಹೊಡೆದು ನೀಲಗಂಗಮ್ಮನವರಿಂದ ಒಂದು ಬಕೀಟು ನೀರು ಹಾಕಿಸಿದೆ. ಅವರು ಅಂಜುತ್ತಲೇ ಹಾಕಿದರು. ಗೇಟಿನ ಹತ್ತಿರದಿಂದ ಸೌಂದರ್ಯಾ ಅಕ್ಕ ಕೂಗಿದರು: “ಧಬಧಬ ಬರ್ಲಾಕತ್ತದ!”

ಯಂಕಪ್ಪ ಸಿಮೆಂಟ್ ಕಲೆಸಿಕೊಂಡು ಮುಚ್ಚಲೇ ಎಂದು ಕೇಳಿದ. ತಡಿ ಎಂದೆ. ತೆರೆದ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದೆ.